ಒಂದು ರಿಂಗ್ ಕೊಟ್ಟರೆ ಬಂದಂತೆ

ಕಲಬುರಗಿಯ ಗಾಜಿಪುರ ಓಣಿಯ ನರಸಿಂಹರಾಯರು ಕಾಲೇಜಿನ ಗ್ರಂಥಪಾಲಕರು. ಪುಸ್ತಕ ಅವರ ಹೊಟ್ಟೆಪಾಡು, ಮೊಬೈಲ್ ಫೋನು ಅವರ ಹುಚ್ಚು. ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಆಗ ಕಲಬುರಗಿಯಲ್ಲಿ ಫೋನು ಕೊಂಡವರು ಬಹಳ, ಅದನ್ನು ಬಳಸಬಲ್ಲವರು ಕಡಿಮೆ. ಅಂಗಿಯ ಜೇಬಿನಿಂದ ಅದರ ತಲೆ ಇಣುಕುವಂತೆ ಇಟ್ಟುಕೊಂಡು ಸ್ಟೇಶನ್ ಬಜಾರದಲ್ಲಿ ಒಂದು ಸುತ್ತು ಹಾಕಿ ಬಂದರೆ ಕೊಂಡದ್ದು ಸಾರ್ಥಕವಾಯಿತು ಎಂದುಕೊಂಡವರೇ ಹೆಚ್ಚು. ರಾಯರಿಗೆ ಇದನ್ನು ನೋಡಲಾಗಲಿಲ್ಲ. ಭಜನೆಗೆ ಮಂಡಳಿ ಇದೆ, ಮೊಬೈಲಿಗೆ ಯಾಕಿರಬಾರದು ಎಂದು ತಿಂಗಳ ಎರಡನೇ ಭಾನುವಾರ ತಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿಯೇ ಬಿಟ್ಟರು. ಮೊಬೈಲ್ ಮಂಡಳಿ ಹುಟ್ಟಿದ್ದು ಹೀಗೆ.

ಮಂಡಳಿ ಅಂದ ಮೇಲೆ ಕಾನೂನು ಬೇಡವೇ? ಬಂದವರು ಮೊದಲು ತಮ್ಮ ಫೋನನ್ನು ನಡುವೆ ಇಟ್ಟ ಹಿತ್ತಾಳೆ ತಾಟಿನಲ್ಲಿ ಇಡಬೇಕು, ಪಾಠ ಶುರುವಾದಾಗಲೇ ಎತ್ತಿಕೊಳ್ಳಬೇಕು. ತಿಂಗಳಿಗೆ ಒಂದೇ ಪಾಠ. ಒಮ್ಮೆ ಮೆಸೇಜು ಕಳಿಸುವುದು, ಇನ್ನೊಮ್ಮೆ ಅಲಾರಾಂ ಇಡುವುದು. ಮುಖ್ಯ ಕಾನೂನು ಏನೆಂದರೆ, ಬರುವವರು ಶನಿವಾರ ಸಂಜೆಯೊಳಗೆ ಕೂಟದ ಮನೆಯ ಯಜಮಾನನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದು ರಿಂಗ್ ಅಂದರೆ ‘ಬರುತ್ತೇನೆ’ ಎಂದು ಅರ್ಥ. ಯಜಮಾನ ಫೋನು ಎತ್ತಕೂಡದು. ಎಷ್ಟು ರಿಂಗು ಬಂದವೋ ಅದಕ್ಕೆ ತಕ್ಕಷ್ಟು ಚುರುಮುರಿ ನೆನೆಸಿ ರಾಯರ ತಾಯಿ ಭಾಗೀರಥಿಬಾಯಿ ಸುಸಲಾ ಮಾಡುತ್ತಿದ್ದರು. ಕರೆ ಬಿಟ್ಟಿ, ಸುಸಲಾ ಬಿಸಿ. ಇಂಥ ಮಂಡಳಿ ಬೆಳೆಯದೆ ಇರುತ್ತದೆಯೇ?

ಕಾನೂನಿನಲ್ಲಿ ‘ಕೂಟದ ಮನೆ’ ಎಂದಿತ್ತೇ ಹೊರತು, ಆ ಮನೆ ಯಾವತ್ತೂ ರಾಯರದೇ. ಸ್ಟೇಶನ್ ಬಜಾರದಲ್ಲಿ ಕವರು, ಚಾರ್ಜರು ಮಾರುವ ನೂರಜಹಾನ್ ಅಲ್ಲಿಗೇ ಬರುತ್ತಿದ್ದಳು. ನಿವೃತ್ತ ಪೋಸ್ಟ್ ಮಾಸ್ತರ ಮಹಾದೇವಪ್ಪನವರೂ ಅಲ್ಲಿಗೇ. ಕಮಲಾಪುರದ ಹೈಸ್ಕೂಲಿನ ಚಿತ್ರಕಲಾ ಮಾಸ್ತರ ಅಂಬಣ್ಣನಂತೂ ಬಸ್ಸು ಹತ್ತಿ ಬಂದು ಎಲ್ಲರಿಗಿಂತ ಮೊದಲೇ ಜಮಖಾನೆಯ ಮೇಲೆ ಕೂತಿರುತ್ತಿದ್ದ. ಬರುವಾಗ ಆ ತಿಂಗಳ ಪಾಠವನ್ನು ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಬರೆದು ತರುತ್ತಿದ್ದ. ರಾಯರು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತದ್ದು ಅಂಬಣ್ಣನ ಚಿತ್ರ ಗೋಡೆಗೆ ತೂಗುಬಿದ್ದ ಕೂಡಲೇ ಹತ್ತುತ್ತಿತ್ತು.

ಭಾಗೀರಥಿಬಾಯಿಗೆ ಫೋನು ಕಲಿಸಿದವನೂ ಅವನೇ. ರಾಯರು ಎರಡು ಸಲ ಹೇಳಿಕೊಟ್ಟು ಮೂರನೇ ಸಲಕ್ಕೆ ಸಿಡುಕಿದ್ದರು. ಅಂಬಣ್ಣ ಪಕ್ಕದಲ್ಲಿ ಕೂತು, “ಹಸರ ಗುಂಡಿ ಅಂದ್ರ ‘ಬಾರವ್ವಾ’, ಕೆಂಪ ಗುಂಡಿ ಅಂದ್ರ ‘ಹೋಗಿ ಬಾರವ್ವಾ’, ಇಷ್ಟಽ ನೋಡ್ರಿ ಆಯಿ” ಎಂದಿದ್ದ. ಅಂದಿನಿಂದ ಮುದುಕಿ ಸೊಲ್ಲಾಪುರದ ಮಗಳು ಇಂದೂಬಾಯಿಯ ಜೊತೆ ತಾವೇ ಮಾತಾಡುತ್ತಿದ್ದರು. “ಮಗಳ ದನಿ ಕೇಳಿಸಿದಾಂವ ಅಂಬಣ್ಣ” ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದರು.

ಹೋದ ತಿಂಗಳು ಕೂಟ ಮುಗಿದು ಎಲ್ಲರೂ ಚಪ್ಪಲಿ ಮೆಟ್ಟುವಾಗ ಅಂಬಣ್ಣ, “ಸರ, ಬರೋ ತಿಂಗಳ ನಮ್ಮ ಮನ್ಯಾಗ ಇಡೂಣ್ರಿ. ಕಮಲಾಪುರಕ್ಕೂ ಟವರ್ ಬಂದದ. ನಮ್ಮವ್ವ ನಿಮ್ಮನ್ನೆಲ್ಲ ನೋಡಬೇಕಂತಾಳ” ಎಂದ. ಅವನು ಹೀಗೆ ಕೇಳಿದ್ದು ಮೊದಲ ಸಲವೇನಲ್ಲ.

“ನೋಡೋಣು” ಎಂದರು ರಾಯರು.

ನಮ್ಮ ಕಡೆ ‘ನೋಡೋಣು’ ಅಂದರೆ ಇಲ್ಲ ಎಂದೇ ಅರ್ಥ. ಇಲ್ಲ ಎನ್ನಲು ಧೈರ್ಯ ಸಾಲದವರು ಕಂಡುಕೊಂಡ ಮಾತು ಅದು. ಅಂಬಣ್ಣನ ಮನೆ ಇದ್ದದ್ದು ಕಮಲಾಪುರದ ಭೀಮನಗರದಲ್ಲಿ. ತಾವು ಅಲ್ಲಿ ಉಂಡು ಬಂದರೆ ಮಡಿಯ ತಾಯಿ ಏನನ್ನುತ್ತಾರೋ, ಮಂಡಳಿಯಲ್ಲಿ ಯಾರು ಬರುತ್ತಾರೋ, ಯಾರು ನೆಪ ಹೇಳುತ್ತಾರೋ, ಅಲ್ಲಿ ಹೋಗಿ ಅವನ ಮುಖ ಮುರಿದಂತಾದರೆ ಏನು ಗತಿ ಎಂದು ರಾಯರ ಲೆಕ್ಕಾಚಾರ. ಪಾಪ, ಕೆಟ್ಟವರಲ್ಲ. ಬರೀ ಪುಕ್ಕಲು. ಅಂಬಣ್ಣ ನಕ್ಕು, “ಆಯ್ತ್ರಿ ಸರ” ಎಂದು ಬಸ್ಸಿಗೆ ಹೋದ. ಆ ನಗು ರಾಯರಿಗೆ ವಾರವೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡಿತು.

ಈ ತಿಂಗಳ ಪಾಠ ಕಾಲ್ ಡೈವರ್ಟ್. ಅಂದರೆ ನಮಗೆ ಬರುವ ಕರೆಯನ್ನು ಇನ್ನೊಬ್ಬರ ಫೋನಿಗೆ ತಿರುಗಿಸುವುದು. ಶುಕ್ರವಾರ ಸಂಜೆ ರಾಯರು ತಾವೇ ಒಮ್ಮೆ ಮಾಡಿ ನೋಡಿದರು. ತಿರುಗಿಸಲು ಯಾರದಾದರೂ ನಂಬರು ಬೇಕಲ್ಲ, ಫೋನಿನಲ್ಲಿ ಮೊದಲು ಕಂಡ ಹೆಸರು ಅಂಬಣ್ಣನದು, ಒತ್ತಿದರು. ಪರದೆಯ ಮೇಲೆ ಸಣ್ಣ ಬಾಣದ ಗುರುತು ಮೂಡಿತು. ಭಲೇ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವಷ್ಟರಲ್ಲಿ ತಾಯಿ ಊಟಕ್ಕೆ ಕರೆದರು. ರಾಯರು ಎದ್ದು ಹೋದರು, ಬಾಣ ಅಲ್ಲೇ ಉಳಿಯಿತು.

ಶನಿವಾರ ಬೆಳಗಿನಿಂದ ಫೋನು ಪಿಟ್ಟೆನ್ನಲಿಲ್ಲ. ರಾಯರು ಅದನ್ನು ಕಿಟಕಿಯಲ್ಲಿಟ್ಟರು, ಮಾಳಿಗೆಯ ಮೇಲೆ ಒಯ್ದರು, ಆರಿಸಿ ಮತ್ತೆ ಹಚ್ಚಿದರು. ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು, ರಿಂಗು ಮಾತ್ರ ಇಲ್ಲ. ತಾವಾಗಿ ಯಾರಿಗಾದರೂ ಫೋನು ಹಚ್ಚಿ ಕೇಳಬಹುದಿತ್ತು. ಆದರೆ ಮಂಡಳಿಯ ಯಜಮಾನ ‘ಬರ್ತೀರೇನ್ರಿ’ ಎಂದು ಗೋಗರೆಯುವುದೇ? ಸಂಜೆಯ ಹೊತ್ತಿಗೆ ಅವರ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

“ಆಯಿ, ನಾಳೆ ಚುರುಮುರಿ ನೆನಸಬ್ಯಾಡ. ಮಂಡಳಿ ಮುಗೀತು” ಎಂದರು.

ಭಾನುವಾರ ಹತ್ತು ಗಂಟೆಗೆ ರಾಯರು ಮುನಿಸಿನಲ್ಲೇ ಜಮಖಾನೆ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿಗಳ ಸದ್ದು. ಮಹಾದೇವಪ್ಪ, ನೂರಜಹಾನ್, ಅವರ ಹಿಂದೆ ಮಂಡಳಿಗೆ ಮಂಡಳಿಯೇ ನಿಂತಿತ್ತು.

“ಏನ್ರಿ ರಾಯರ, ಹಾಸಿಗಿ ಸುತ್ತಾಕತ್ತೀರಿ? ನಾವು ಬರಬಾರದಂತ ಏನರ ಅದ ಏನು?” ಎಂದರು ಮಹಾದೇವಪ್ಪ.

“ಒಬ್ಬರರ ಮಿಸ್ಡ್ ಕಾಲ್ ಕೊಟ್ಟೀರೇನು?” ರಾಯರ ದನಿ ಏರಿತು.

“ಯಾ ಅಲ್ಲಾ! ಎಲ್ಲಾರೂ ಕೊಟ್ಟೀವ್ರಿ ಸರ” ಎನ್ನುತ್ತ ನೂರಜಹಾನ್ ಅವರ ಫೋನು ಇಸಿದುಕೊಂಡು ನೋಡಿದಳು. ನೋಡಿದವಳೇ ದುಪಟ್ಟಾ ಬಾಯಿಗೆ ಹಿಡಿದು ನಕ್ಕಳು. “ಸರ, ಈ ಬಾಣ ಯಾರ ಕಡಿ ಬಿಟ್ಟೀರಿ?”

ರಾಯರಿಗೆ ಶುಕ್ರವಾರದ ಬಾಣ ನೆನಪಾಯಿತು. ನೂರಜಹಾನ್ ತನ್ನ ಫೋನಿನಿಂದ ರಾಯರ ನಂಬರಿಗೆ ಹಚ್ಚಿ ಅವರ ಕಿವಿಗೇ ಹಿಡಿದಳು. ಆ ಕಡೆಯಿಂದ ಅಂಬಣ್ಣನ ದನಿ ಬಂತು, ಹಿಂದೆ ಪಾತ್ರೆಗಳ ಸದ್ದು, ಯಾರೋ ಹೆಂಗಸರ ಗದ್ದಲ.

“ನೂರಜಹಾನ್ ಬಾಯಿ, ಎಲ್ಲಿಗೆ ಬಂದ್ರಿ? ಬಸ್ಸ ಹತ್ತೀರೇನು? ನಿನ್ನಿ ಎಲ್ಲಾರ್ದೂ ರಿಂಗ್ ಬಂದಾವು, ನಮ್ಮವ್ವ ಖುಷಿಗೆ ನಿದ್ದಿ ಮಾಡಿಲ್ಲ ನೋಡ್ರಿ. ಕಡೀಗೂ ರಾಯರು ನಮ್ಮ ಮನಿ ಒಪ್ಪ್ಯಾರ. ರಾಯರಿಗೆ ಫೋನ ಹಚ್ಚಿದ್ರ ಬರೇ ಎಂಗೇಜ್ ಬರ್ತದ, ಎಲ್ಲಾರ್ನೂ ಕೂಡಸಾಕತ್ತಿರಬೇಕು ಪಾಪ. ನಾ ಬಸ್ ಸ್ಟ್ಯಾಂಡಿಗೆ ಹೊಂಟೀನಿ.”

ರಾಯರು ಫೋನು ಕೆಳಗಿಳಿಸಿದರು. ಅಂಬಣ್ಣ ತಪ್ಪೇನೂ ಮಾಡಿರಲಿಲ್ಲ, ಮಂಡಳಿಯ ಕಾನೂನನ್ನು ಅಕ್ಷರಶಃ ಪಾಲಿಸಿದ್ದ. ರಿಂಗು ಯಾರ ಮನೆಗೆ ಬರುತ್ತದೋ ಕೂಟ ಆ ಮನೆಯಲ್ಲಿ. ಅವನು ರಾಯರಿಗೆ ಫೋನು ಮಾಡಿದಾಗಲೆಲ್ಲ ಕರೆ ತಿರುಗಿ ಅವನಿಗೇ ಹೋಗಿ ಎಂಗೇಜ್ ಬಂದಿತ್ತು. ರಾಯರು ನಡೆದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದರು.

“ಗೊತ್ತಿಲ್ದ ಆಗ್ಯದಂತ ಹೇಳಿಬಿಡ್ರಿ” ಎಂದು ಮಹಾದೇವಪ್ಪ ನೆಲ ನೋಡುತ್ತ ಅಂದರು.

ರಾಯರು ಫೋನು ಎತ್ತಿದರು. ಏನೆಂದು ಹೇಳುವುದು? ‘ಅಂಬಣ್ಣ, ನಾವು ಬರುವುದಿಲ್ಲ, ನಿನ್ನ ತಾಯಿಗೆ ಹೇಳು’ ಎಂದೇ? ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಭಾಗೀರಥಿಬಾಯಿ ಒಳಗಿನಿಂದ ಬಂದರು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದರು, ಕೈಯಲ್ಲಿ ಕೋಲು.

“ಮಾಡಿಟ್ಟು ಕಾಯಾಕತ್ತಾರ. ನೀವು ಇಲ್ಲಿ ನಿಂತು ಏನ್ ಪಂಚಾಯ್ತಿ ಮಾಡ್ತೀರಿ? ನಡೀರಿ.”

“ಆಯಿ, ಆದ್ರ ನಿನ್ನ ಮಡಿ...”

“ನನ್ನ ಮಡಿ ನಾ ನೋಡ್ಕೋತೀನಿ. ಅಂಬಣ್ಣ ಮನಿಗೆ ಕರ್ಯಾಕತ್ತಾನಂತ ನನಗ ಒಮ್ಮೆರ ಹೇಳೀಯೇನು? ಬರ್ತೀಯೇನಂತ ಒಮ್ಮೆರ ಕೇಳೀಯೇನು?”

ಕೇಳಿರಲಿಲ್ಲ. ತಾಯಿಯ ಸೆರಗಿನ ಹಿಂದೆ ಅಡಗಿದ್ದದ್ದು ತಾಯಿಯ ಮಡಿಯಲ್ಲ, ತಮ್ಮದೇ ಅಂಜಿಕೆ ಎಂದು ರಾಯರಿಗೆ ಆಗ ತಿಳಿಯಿತು. ಅಟ್ಟದ ಜಮಖಾನೆ ಅಟ್ಟದಲ್ಲೇ ಉಳಿಯಿತು. ಎಲ್ಲರೂ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹತ್ತಿದರು. ನೆಪ ಹೇಳಿ ಮನೆಗೆ ಹೋಗುತ್ತಾರೆ ಎಂದು ರಾಯರು ಎಣಿಸಿದ್ದ ಮಹಾದೇವಪ್ಪನವರೇ ಮುದುಕಿಗೆ ಕಿಟಕಿಯ ಪಕ್ಕ ಜಾಗ ಹಿಡಿದು ಕೊಟ್ಟರು.

ಕಮಲಾಪುರದಲ್ಲಿ ಅಂಬಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಬಸ್ಸಿನಿಂದ ಇಳಿದ ಭಾಗೀರಥಿಬಾಯಿಯನ್ನು ಕಂಡು ಓಡಿ ಬಂದ. “ಆಯಿ, ನೀವೂ ಬಂದ್ರಿ!” ಎಂದು ಅವರ ಕೋಲು ಹಿಡಿದುಕೊಂಡ.

ಮನೆಯ ಅಂಗಳದಲ್ಲಿ ರಂಗೋಲಿ. ಒಳಗೆ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟಗಳು, ಅವುಗಳ ಪಕ್ಕದಲ್ಲಿ ಕಾಲ್ ಡೈವರ್ಟಿನ ದೊಡ್ಡ ಚಿತ್ರ. ನಡುವೆ ಹುಣಸೆಹಣ್ಣು ಹಚ್ಚಿ ಥಳಥಳ ತೊಳೆದ ಹಿತ್ತಾಳೆ ತಾಟು. ಎಲ್ಲರೂ ಫೋನು ಅದರಲ್ಲಿಟ್ಟು ಕೂತರು. ಅಂಬಣ್ಣನ ಹೆಂಡತಿ ಸಾವಿತ್ರಿಬಾಯಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹೂರಣದ ಹೋಳಿಗೆ ಬಡಿಸುತ್ತ ಬಂದಳು. ಭಾಗೀರಥಿಬಾಯಿಯ ಮುಂದೆ ಬಂದಾಗ ಅವಳ ಕೈ ತಡೆಯಿತು. ಹೋಳಿಗೆಯ ಬುಟ್ಟಿ ಬದಿಗಿಟ್ಟು, ಬಾಳೆ ಎಲೆಯ ಮೇಲೆ ಎರಡು ಕೆಂಪು ಬಾಳೆಹಣ್ಣು ಇಟ್ಟಳು. ರಾಯರು ತಲೆ ತಗ್ಗಿಸಿದರು.

ಮುದುಕಿ ಹಣ್ಣನ್ನು ನೋಡಿದರು, ಸಾವಿತ್ರಿಬಾಯಿಯನ್ನು ನೋಡಿದರು.

“ಏನವಾ, ಊಟಕ್ಕ ಕರದು ನನಗೊಬ್ಬಾಕಿಗೆ ಬಾಳಿಹಣ್ಣು ಕೊಟ್ಟು ಕಳಸ್ತೀಯೇನು? ಹೋಳಿಗಿ ಹಾಕು, ಮ್ಯಾಲ ತುಪ್ಪ ಹಾಕು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಬಣ್ಣನ ತಾಯಿ ಹಣಮಮ್ಮ ಸೊಸೆಯ ಕೈಯಿಂದ ಬುಟ್ಟಿ ಇಸಿದುಕೊಂಡು ತಾನೇ ಬಂದು ಬಡಿಸಿದಳು. “ನೀನೂ ಕೂಡು ಬಾ” ಎಂದು ಭಾಗೀರಥಿಬಾಯಿ ಪಕ್ಕದ ಚಾಪೆ ತಟ್ಟಿದರು. ಇಬ್ಬರೂ ಮುದುಕಿಯರು ಕೂಡಿ ಉಣ್ಣುತ್ತ ಸೊಂಟನೋವಿನಿಂದ ಶುರುಮಾಡಿ ಮಕ್ಕಳ ಮೇಲಿನ ದೂರಿನವರೆಗೆ ಬಂದರು. ಇಷ್ಟು ಸಲ ಬೇಡವೆಂದರೂ ಕರೆಯುವುದು ಬಿಡದ ಈ ಮನೆಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳುವುದೆಂದು ತಿಳಿಯದೆ, ರಾಯರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಊಟವಾಗಿ ಪಾಠದ ಹೊತ್ತು ಬಂತು. ಅಂಬಣ್ಣ ತಾಟಿನಿಂದ ರಾಯರ ಫೋನು ಎತ್ತಿ ಕೊಡಲು ಹೋದವನು ಪರದೆ ನೋಡಿ ಹಾಗೇ ನಿಂತ. ಬಾಣ ಇನ್ನೂ ಇತ್ತು. ಇಡೀ ವಾರ ಕೂತು ಅದೇ ಬಾಣವನ್ನು ಹಾಳೆಯ ಮೇಲೆ ಬರೆದವನಿಗೆ ಅದನ್ನು ವಿವರಿಸಿ ಹೇಳಬೇಕೇ? ಅವನ ಮುಖ ಸಣ್ಣದಾಯಿತು.

ರಾಯರು ಎದ್ದು ನಿಂತರು. ಈ ಸಲ ಮಾತು ನುಂಗಲಿಲ್ಲ.

“ಅಂಬಣ್ಣ, ಫೋನು ತಪ್ಪಿ ಬಂದಾವ, ಖರೇ. ನಾವು ತಪ್ಪಿ ಬಂದಿಲ್ಲ. ಗೊತ್ತಾದ ಮ್ಯಾಲನಽ ಬಸ್ಸ ಹತ್ತೀವಿ. ನೀ ಕರದಾಗನಽ ಬರಬೇಕಿತ್ತು. ನನಗ ಧೈರ್ಯ ಇರಲಿಲ್ಲಪಾ.”

ಅಂಬಣ್ಣ ಬಾಣವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಫೋನನ್ನು ರಾಯರ ಕೈಗೆ ಕೊಟ್ಟ.

“ಹಂಗಾದ್ರ ಇದನ್ನ ತೆಗೀರಿ ಸರ. ಮುಂದಿನ ಸಲ ನೀವಽ ರಿಂಗ್ ಕೊಟ್ಟು ಬರ್ರಿ.”

ರಾಯರು ಡೈವರ್ಟ್ ತೆಗೆದರು. ಬಾಣ ಮಾಯವಾಯಿತು. ಪಾಠ ಶುರುಮಾಡುತ್ತಾರೆಂದು ಎಲ್ಲರೂ ಕಾದರು. ಅವರು ಮೊದಲ ಹೆಸರು ಹುಡುಕಿ ಹಸಿರು ಗುಂಡಿ ಒತ್ತಿದರು. ತಾಟಿನಲ್ಲಿದ್ದ ಅಂಬಣ್ಣನ ಫೋನು ಒಮ್ಮೆ ರಿಂಗಾಗಿ ನಿಂತಿತು.

“ತಡಿರೋ, ನಂದೂ ಒಂದು ಕೊಡ್ತೀನಿ” ಎಂದು ಭಾಗೀರಥಿಬಾಯಿ ತಮ್ಮ ಫೋನಿಗೆ ಕೈ ಚಾಚಿದರು.