ಎಡಗಡೆಯ ತಟ್ಟೆ

ಎರಡನೆಯ ಚೀಲದೊಳಗೆ ಕೈ ಹಾಕಿ ಬಟನ್ ಒಂದು ಸಲ ಒತ್ತಿದ್ದೇ ತಡ, ಕಿನುಕೊಳ ಮೈ ಜುಮ್ಮೆಂದಿತು. ಎದುರಿಗೆ ಕೂತವರಿಗೆ ಗೊತ್ತಾಗಬಾರದೆಂದು ಮುಖವನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಸಲ ಒತ್ತಿದಳು. ಬಟನ್ ಮೊದಲು ಕೊಂಚ ತಡೆಯಿತು. ಆಮೇಲೆ ಒಮ್ಮೆಲೇ ಒಪ್ಪಿಕೊಂಡು ಒಳಗೆ ಹೋಯಿತು. ಬೆರಳು ಸಡಿಲಿಸಿದಾಗ ಬೆರಳಿನ ಜೊತೆಗೇ ಮೇಲೆ ಬಂತು, ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ. ಇಂಥ ಬಟನ್ ಮುಟ್ಟಿ ಐದು ವರ್ಷವಾಗಿತ್ತು.

"ಅವಸರ ಏನಿಲ್ಲ, ಮಿಯಾಕೆ-ಸಾನ್," ಎಂದ ಇಸುರುಗಿ. "ಎಷ್ಟು ಸಲ ಬೇಕಾದ್ರೂ ಒತ್ತಿ ನೋಡಿ."

"ಹತ್ತು ಸಲ ಎತ್ತಿದ್ರೆ ಹತ್ತು ಭವಿಷ್ಯ ಬರೋಕೆ ಇದೇನು ಗುಡಿಯ ಚೀಟಿನಾ?" ಎಂದಳು ಕಿನುಕೊ. ಗೋಡೆಗೆ ಒರಗಿ ಕೂತಿದ್ದ ಒಂಬತ್ತು ಜನ ನಕ್ಕರು.

ಮೇಜಿನ ಮೇಲೆ ಕಪ್ಪು ಬಟ್ಟೆಯ ಮೂರು ಚೀಲಗಳಿದ್ದವು. ಒಂದೊಂದರಲ್ಲೂ ವಿಡಿಯೊ ಗೇಮಿನ ಒಂದೊಂದು ಕಂಟ್ರೋಲರ್. ಆಕಾರದ ಮೇಲೆ ಗುರುತು ಸಿಗಬಾರದೆಂದು ಮೂರಕ್ಕೂ ಒಂದೇ ಥರದ ಹೊರಕವಚ ತೊಡಿಸಿದ್ದರು. ಒಂದರೊಳಗೆ ಅವರದೇ ಕಂಪನಿಯ 'ಕಸಸಾಗಿ' ಯಂತ್ರದ ಬಟನ್‌ಗಳು, ಒಂದರೊಳಗೆ ಎದುರಾಳಿ ತೆನ್ರೋದವರದ್ದು, ಇನ್ನೊಂದರೊಳಗೆ ಯಾರು ಕೇಳಿದರೂ ಸಿದ್ಧ ಬಟನ್ ಮಾರುವ ಹೊರಗಿನ ಕಾರ್ಖಾನೆಯದ್ದು. ಒಬ್ಬೊಬ್ಬರೇ ಬಂದು, ಒತ್ತಿ, 'ನಮ್ಮದು' ಯಾವುದೆಂದು ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು. ಒಂಬತ್ತು ಜನ ಕೊಟ್ಟಾಗಿತ್ತು. ಹತ್ತನೆಯವಳು ಕಿನುಕೊ ಮಿಯಾಕೆ, ಬಟನ್ ತಪಾಸಣೆ ಕೋಣೆಯ ಹಿರಿಯಳು. ಕಸಸಾಗಿಯ ಮೊದಲ ಯಂತ್ರ ಹೊರಬಿದ್ದಂದಿನಿಂದ ಈ ಹದಿನೆಂಟು ವರ್ಷವೂ ಅವಳ ಹೆಬ್ಬೆರಳು ಒಪ್ಪದ ಬಟನ್ ಒಸಾಕಾದ ಆ ಕಾರ್ಖಾನೆಯಿಂದ ಆಚೆ ಹೋಗಿರಲಿಲ್ಲ. ಒಪ್ಪಿದ್ದು ಬಲಗಡೆಯ ತಟ್ಟೆಗೆ, ಒಪ್ಪದ್ದು ಎಡಗಡೆಯ ತಟ್ಟೆಗೆ. ಅಷ್ಟೇ ಅವಳ ಕೆಲಸ.

ಈ ಪರೀಕ್ಷೆಯನ್ನು ಮೈಮೇಲೆ ಎಳೆದುಕೊಂಡವಳೂ ಅವಳೇ. ಹತ್ತು ದಿನದ ಹಿಂದೆ ಹೊಸ ಯಂತ್ರದ ಸಭೆ ನಡೆದಿತ್ತು. ಎರಡು ವರ್ಷದ ಹಿಂದೆ ಟೋಕಿಯೊದಿಂದ ಬಂದು ಯೋಜನಾ ವಿಭಾಗದ ಮುಖ್ಯಸ್ಥನಾಗಿದ್ದ ಇಸುರುಗಿ, ವಯಸ್ಸು ಮೂವತ್ತಾರು, ಎದ್ದು ನಿಂತು ಹೇಳಿದ್ದ: "ಒಳಗಿನ ಚಿಪ್ ಎಲ್ಲರದ್ದೂ ಒಂದೇ ಕಡೆಯಿಂದ ಬರತ್ತೆ. ಆಟಗಳೂ ಅವೇ. ಪೆಟ್ಟಿಗೆ ಮೇಲಿನ ಹೆಸರು ಅಳಿಸಿಬಿಟ್ರೆ ನಮ್ಮದು ಯಾವುದು, ತೆನ್ರೋದವರದ್ದು ಯಾವುದು ಅಂತ ಇಲ್ಲಿರೋ ನಮಗೇ ಗೊತ್ತಾಗಲ್ಲ. ಇದೆ ಅನ್ನೋರು ಯಾರಾದ್ರೂ ಇದ್ರೆ ಹೇಳಿ, ನಮ್ಮದು ಅಂತ ಏನಿದೆ ಇದರಲ್ಲಿ?"

ಸಭೆಗಳಲ್ಲಿ ಚಹಾ ಕುಡಿಯುವುದಕ್ಕೆ ಬಿಟ್ಟರೆ ಬಾಯಿ ತೆರೆಯದ ಕಿನುಕೊ ಅಂದು ಅದು ಹೇಗೋ ಅಂದುಬಿಟ್ಟಳು: "ಬಟನ್ ಇದೆ."

ಎಲ್ಲರೂ ನಕ್ಕರು, ಇಸುರುಗಿ ನಗಲಿಲ್ಲ. "ಹಾಗಾದ್ರೆ ಬಟನ್ನನ್ನೇ ಕೇಳೋಣ," ಎಂದ. ಕೈಯಲ್ಲಿ ಹಿಡಿದು ಗುರುತು ಸಿಕ್ಕರೆ ಹೊಸ ಯಂತ್ರಕ್ಕೂ ಮನೆಯ ಬಟನ್ನೇ. ಸಿಗದಿದ್ದರೆ ಹೊರಗಿನ ಸಿದ್ಧ ಬಟನ್ ಬರುತ್ತದೆ, ಸೆಪ್ಟೆಂಬರಿಗೆ ತಪಾಸಣೆ ಕೋಣೆ ಮುಚ್ಚುತ್ತದೆ, ಅಲ್ಲಿನ ನಾಲ್ಕು ಹೆಂಗಸರು ಪ್ಯಾಕಿಂಗಿಗೆ ಹೋಗುತ್ತಾರೆ. ಮಾತು ಅಷ್ಟಕ್ಕೆ ನಿಂತಿತ್ತು. ಮೇಲಿನವರೂ ಹೂಂ ಅಂದಿದ್ದರು.

ಮೊದಲನೆಯ ಚೀಲದ್ದು ನೆನೆಸಿಟ್ಟ ಅಕ್ಕಿಕಡುಬಿನ ಹಾಗೆ ಮೆತ್ತಗೆ ಕುಸಿಯುತ್ತಿತ್ತು. ಅದು ಹೊರಗಿನದ್ದು, ಸಂಶಯವೇ ಇಲ್ಲ. ಕಿನುಕೊ ಮೂರನೆಯದಕ್ಕೆ ಕೈ ಹಾಕಿದಳು. ಒತ್ತಿದ ಕೂಡಲೇ ಗುರುತು ಹತ್ತಿತು. ದಿನಕ್ಕೆ ಎಂಟು ಗಂಟೆ ಒತ್ತುವ ಬಟನ್ ಗುರುತು ಹತ್ತದೆ ಇರುತ್ತದೆಯೇ? ತಡೆಯುತ್ತಿತ್ತು, ಆದರೆ ಮನಸ್ಸಿಲ್ಲದೆ ತಡೆಯುತ್ತಿತ್ತು. ಮೇಲೆ ಬರುವಾಗ ಬೆರಳಿಗಿಂತ ತುಸು ಹಿಂದೆ ಬೀಳುತ್ತಿತ್ತು. ನಿನ್ನೆ ಮಧ್ಯಾಹ್ನ ಅವಳೇ ಬಲಗಡೆಯ ತಟ್ಟೆಗೆ ಹಾಕಿದ ಬಟನ್‌ಗಳ ಒಡಹುಟ್ಟು ಅದು.

ಅಂದರೆ ಎರಡನೆಯದು ತೆನ್ರೋದವರದ್ದು. ಅಲ್ಲಿ ಆ ರಬ್ಬರು ಬೆರೆಸುತ್ತಿರುವ ಕೈ ಯಾರದೆಂದೂ ಅವಳಿಗೆ ಗೊತ್ತಾಗಿಹೋಯಿತು.

ಉಬುಕಾತಾ ಎಂದು ಅವನ ಹೆಸರು. ಬಟನ್ ಅಡಿಯ ಪುಟ್ಟ ರಬ್ಬರ್ ಗುಮ್ಮಟವನ್ನು ಕಸಸಾಗಿಗೆ ಮೊದಲ ದಿನದಿಂದ ಬೆರೆಸಿದವನು. ಮಳೆ ಬಂದರೆ ಒಂದು ಹದ, ಚಳಿಗೆ ಒಂದು ಹದ. ಕಾಗದದಲ್ಲಿ ಬರೆದುಕೊಡು ಎಂದರೆ 'ನನ್ನ ಹೆಂಡತಿ ಸಾರಿಗೆ ಎಷ್ಟು ಉಪ್ಪು ಹಾಕ್ತಾಳೆ ಅಂತ ಬರೆದಿಟ್ಟಿದ್ದಾಳಾ' ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಅವನು ಕೆಳಗಿನ ಮಹಡಿಯಲ್ಲಿ ಬೆರೆಸುವುದು, ಇವಳು ಮೇಲಿನ ಮಹಡಿಯಲ್ಲಿ ಒತ್ತುವುದು. ಹದಿಮೂರು ವರ್ಷ ಹೀಗೇ ನಡೆದಿತ್ತು.

ಐದು ವರ್ಷದ ಹಿಂದಿನ ಜೂನಿನಲ್ಲಿ ಒಂದು ಸೋಮವಾರ ಅವಳು ಅವನ ಇಡೀ ದಿನದ ಲಾಟನ್ನು ಎಡಗಡೆಯ ತಟ್ಟೆಗೆ ತಳ್ಳಿದಳು. ಅವನು ಮೆಟ್ಟಿಲು ಹತ್ತಿಬಂದು ಎಲ್ಲರೆದುರು ಕೂಗಾಡಿದ. "ನಿನ್ನ ಹೆಬ್ಬೆರಳು ಸತ್ತುಹೋಗಿದೆ, ಕಿನು-ಸಾನ್! ಸತ್ತ ಬೆರಳಲ್ಲಿ ಜೀವ ಇರೋ ವಸ್ತು ನೋಡ್ತಿದೀಯ!" ಅವಳು ತಲೆ ಎತ್ತಲಿಲ್ಲ. ಎತ್ತುವ ಧೈರ್ಯವಿರಲಿಲ್ಲ. ಹಿಂದಿನ ದಿನ, ಭಾನುವಾರ, ಮನೆಯಲ್ಲಿ ಗುಳಿಯಪ್ಪದಂಥ ತಕೊಯಾಕಿ ಹುಯ್ಯುವಾಗ ಕಾದ ಗುಳಿಕಾವಲಿ ತಾಗಿ ಬಲಗೈ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಬೆರಳಿಗೆ ಪೆಟ್ಟಾದವರು ಅಂದು ಒತ್ತುವ ಕೆಲಸಕ್ಕೆ ಕೂರಬಾರದೆಂದು ಕೋಣೆಗೆ ನಿಯಮ ಮಾಡಿದವಳು ಅವಳೇ. ಒಂದು ದಿನ ತಾನಿಲ್ಲದೆ ನಡೆಯುವುದಿಲ್ಲ ಎಂಬ ಜಂಬದಲ್ಲಿ ಪಟ್ಟಿ ಕಿತ್ತೆಸೆದು ಕೂತಿದ್ದಳು. ಮರುತಿಂಗಳು ಉಬುಕಾತಾ ಕೆಲಸ ಬಿಟ್ಟು ತೆನ್ರೋಗೆ ಹೋದ. ಆ ಬೊಬ್ಬೆಯ ವಿಷಯವನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ಅವಳಿಗೆ ತನ್ನ ಬೆರಳಿನ ಮೇಲೆ ನಂಬಿಕೆ ಹೋಯಿತು. ಉಬುಕಾತಾನ ಬದಲಿಗೆ ಕಾಗದ ನೋಡಿ ಬೆರೆಸುವವರು ಬಂದರು. ಬಟನ್ ತುಸು ಮಂಕಾಗಿದೆ ಅನ್ನಿಸಿದರೂ, ತಪ್ಪು ನನ್ನ ಬೆರಳಿನದೇ ಇರಬೇಕು, ಇರಲಿ ಬಿಡು, ಎಂದು ಬಲಗಡೆಗೆ ಹಾಕುತ್ತಿದ್ದಳು. ಹೋಲಿಸಿ ನೋಡುವುದಕ್ಕೆ ಕೋಣೆಯಲ್ಲಿ ಒಂದು ಮಾದರಿ ಬಟನ್ ಇಟ್ಟಿರುತ್ತಾರೆ. ರಬ್ಬರು ವರ್ಷಕ್ಕೆ ಗಟ್ಟಿಯಾಗುವುದರಿಂದ ಪ್ರತಿ ಏಪ್ರಿಲಿನಲ್ಲಿ ಅದನ್ನು ಎಸೆದು, ಆ ವರ್ಷದ ಚೆನ್ನಾಗಿದ್ದುದರಲ್ಲಿ ಒಂದನ್ನು ಹೊಸ ಮಾದರಿ ಮಾಡುತ್ತಾರೆ. ಐದು ಏಪ್ರಿಲ್ ಕಳೆದವು. ಪ್ರತಿ ಸಲವೂ ಒಂಚೂರು ಮಂಕಾದದ್ದೇ ಮಾದರಿಯಾಯಿತು. ಎಲ್ಲವೂ ಮಾದರಿಯ ಹಾಗೇ ಇದೆಯಲ್ಲ, ಇನ್ನೇನು ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಕಿನುಕೊ ಚೀಲದಿಂದ ಕೈ ತೆಗೆದು ಪೆನ್ಸಿಲ್ ಎತ್ತಿಕೊಂಡಳು. ಮೂರು ಎಂದು ಬರೆದರೆ ಸರಿ ಉತ್ತರ. ಕೋಣೆ ಉಳಿಯಬಹುದು. ಗೋಡೆಗೆ ಒರಗಿ ಕೂತ ಚಿಗುಸಾಳನ್ನು ಒಮ್ಮೆ ನೋಡಿದಳು. ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಜೋರು, ಬೆರಳು ಮಾತ್ರ ಚಿನ್ನ. ಪ್ಯಾಕಿಂಗಿಗೆ ಹಾಕಿದರೆ ಒಂದು ವಾರ ನಿಲ್ಲುವವಳಲ್ಲ.

ಚೀಟಿಯಲ್ಲಿ 'ಎರಡು' ಎಂದು ಬರೆದು, ಮಡಚಿ ಕೊಟ್ಟಳು.

ಇಸುರುಗಿ ಒಂದೊಂದೇ ಚೀಟಿ ಬಿಡಿಸಿ ಓದಿದ. ಎರಡು. ಎರಡು. ಮೂರು. ಎರಡು. ಕೊನೆಗೆ ಎಂಟು ಜನ ಎರಡು ಎಂದಿದ್ದರು, ಇಬ್ಬರು ಮೂರು. ಅವನು ಮುಚ್ಚಿದ ಲಕೋಟೆ ಒಡೆದು ನೋಡಿದ.

"ಎರಡನೇದು ತೆನ್ರೋ," ಎಂದ ದನಿ ಇಳಿಸಿ.

ಚಿಗುಸಾ ಎದ್ದು ನಿಂತಳು. "ಸಾಧ್ಯಾನೇ ಇಲ್ಲ! ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮಣ್ಣನ ಕೈಯಿಂದ ಕಿತ್ಕೊಂಡು ಆಡ್ತಿದ್ದ ಕಸಸಾಗಿ ಹೀಗೇ ಇತ್ತು. ಹೀಗೇ! ಅಕ್ಕ, ನೀವಾದ್ರೂ ಹೇಳಿ."

"ಕೂತ್ಕೊ," ಎಂದಳು ಕಿನುಕೊ.

"ಮಿಯಾಕೆ-ಸಾನ್, ನೀವೂ ಎರಡು ಅಂತ ಬರೆದಿದ್ದೀರಿ," ಎಂದ ಇಸುರುಗಿ. ಅವನ ಮಾತಿನಲ್ಲಿ ಗೆಲುವಿರಲಿಲ್ಲ.

"ಮೂರನೇದು ನಾವು ಮಾಡ್ತಿರೋದು. ಒತ್ತಿದ ಕೂಡ್ಲೆ ಗೊತ್ತಾಯ್ತು. ಆದ್ರೆ ನೀವು ಕೇಳಿದ್ದು ನಮ್ಮದು ಯಾವುದು ಅಂತ."

"ಗೊತ್ತಿದ್ದೂ ಬರೆದ್ರಾ?" ಅವನು ಚೀಟಿಗಳನ್ನು ಸುಮ್ಮನೆ ಒಟ್ಟು ಮಾಡಿದ, ಮತ್ತೆ ಹರಡಿದ. "ನೀವು ಮೂರು ಅಂದಿದ್ರೆ, ನೋಡಿ, ಬಲ್ಲವರು ಹಿಡೀತಾರೆ ಅಂತ ಮೇಲಿನವರ ಹತ್ರ ನಾನು ವಾದ ಮಾಡ್ಬಹುದಿತ್ತು. ಈಗ ಏನಂತ ಹೇಳ್ಲಿ?"

"ನಮ್ಮದು ಅನ್ನೋದು ಇದೆ ಅಂತ ಹೇಳಿ. ಇದೆ, ನಮ್ಮ ಹತ್ರ ಇಲ್ಲ ಅಂತ ಹೇಳಿ."

ಆ ಮಂಗಳವಾರವೇ ಸೂಚನಾ ಫಲಕಕ್ಕೆ ಕಾಗದ ಬಂತು. ತಪಾಸಣೆ ಕೋಣೆ ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತದೆ. ಚಿಗುಸಾ ಎರಡು ದಿನ ಕಿನುಕೊಳ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಊಟದ ಡಬ್ಬಿ ತಂದು ಪಕ್ಕದಲ್ಲಿ ಕೂತು, "ಸುಳ್ಳು ಹೇಳೋಕೂ ಬರಲ್ವಾ ಅಕ್ಕ ನಿಮಗೆ?" ಎಂದಳು. ಐದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ ಎನ್ನಬೇಕೆನಿಸಿತು ಕಿನುಕೊಳಿಗೆ. ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಉಪ್ಪಿಗೆ ಹಾಕಿ ಹಸಿಯಾಗೇ ತಿನ್ನುವ ನಾಲ್ಕು ನೀರುಬದನೆ ಕಟ್ಟಿಕೊಂಡು ರೈಲು ಹತ್ತಿದಳು. ಉಬುಕಾತಾನ ಮನೆ ಅವಳ ಸ್ಟೇಷನ್ನಿನಿಂದ ಎರಡು ಸ್ಟೇಷನ್ ಆಚೆ. ಈ ಐದು ವರ್ಷ ಆ ಎರಡು ಸ್ಟೇಷನ್ ದಾಟಲು ಅವಳಿಗೆ ಆಗಿರಲಿಲ್ಲ.

ಅವನು ಬಾಗಿಲಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ನೋಡಿ, "ಓಹೋ, ಬೆರಳಮ್ಮ ಬಂದಳು," ಎಂದ. "ಒಳಗೆ ಬಾ, ಬಿಸಿಲು."

ತಾತಾಮಿ ಚಾಪೆಯ ಮೇಲೆ ಕೂತ ಕೂಡಲೇ ಕಿನುಕೊ ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. "ಆವತ್ತು ನನ್ನ ಬೆರಳಲ್ಲಿ ಬೊಬ್ಬೆ ಇತ್ತು, ಉಬುಕಾತಾ-ಸಾನ್. ಮುಚ್ಚಿಟ್ಟು ಕೂತಿದ್ದೆ. ನಿಮ್ಮ ಲಾಟು ಸರಿಯಾಗೇ ಇತ್ತು. ನನ್ನಿಂದ ತಪ್ಪಾಯ್ತು."

ಫ್ಯಾನು ಅತ್ತ ತಿರುಗಿ ಇತ್ತ ತಿರುಗಿ ಬೀಸುತ್ತಿತ್ತು. ಅವನು ಅದನ್ನು ಅವಳ ಕಡೆಗೆ ತಿರುಗಿಸಿ ನಿಲ್ಲಿಸಿದ.

"ತಲೆ ಎತ್ತು," ಎಂದ. "ಆ ಲಾಟು ಕೆಟ್ಟಿತ್ತು."

ಅವಳು ತಲೆ ಎತ್ತಿದಳು.

"ಹಿಂದಿನ ದಿನ ಮಳೆಗೆ ಪುಡಿ ಚೀಲ ನೀರು ಕುಡಿದಿತ್ತು. ಬೆರೆಸುವಾಗ್ಲೇ ಕೈಗೆ ಗೊತ್ತಾಯ್ತು. ಇಡೀ ದಿನದ್ದು ಯಾರು ಚೆಲ್ತಾರೆ ಅಂತ ಮೇಲಕ್ಕೆ ಕಳಿಸ್ಬಿಟ್ಟೆ. ನೀನು ಹಿಡಿಯಲ್ಲ ಅಂದ್ಕೊಂಡೆ." ಅವನಿಗೆ ನಗು ಬಂತು. "ಹಿಡಿದ್ಯಲ್ಲ! ಅದೂ ಬೊಬ್ಬೆ ಇಟ್ಕೊಂಡು!"

"ಮತ್ತೆ ಅಷ್ಟು ಕೂಗಾಡಿದ್ರಲ್ಲ?"

"ಸಿಕ್ಕಿಬಿದ್ದೋನು ಕೂಗಾಡ್ದೆ ಇನ್ನೇನು ಮಾಡ್ತಾನೆ?"

ಕಿನುಕೊಳಿಗೆ ಸಿಟ್ಟು ನೆತ್ತಿಗೇರಿತು. ಐದು ಏಪ್ರಿಲ್, ಬಲಗಡೆಯ ತಟ್ಟೆಗೆ ಹಾಕಿದ ಲಕ್ಷ ಲಕ್ಷ ಬಟನ್, ಚಿಗುಸಾಳ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಸರಿಯಾಗಿಯೇ ಇದ್ದ ಬೆರಳನ್ನು ಐದು ವರ್ಷ ಸುಳ್ಳುಗಾರನ ಹಾಗೆ ನೋಡಿದ್ದಳು. "ಒಂದು ಫೋನ್ ಮಾಡಿ ಹೇಳ್ಬಹುದಿತ್ತು ನೀವು," ಎಂದಳು.

"ನೀನೂ ಹೇಳ್ಬಹುದಿತ್ತು."

ಅವನು ಎದ್ದು ಹೋಗಿ ಬದನೆಯನ್ನು ಕೈಯಲ್ಲೇ ಸೀಳಿ ತಂದ. ಇಬ್ಬರೂ ತಿಂದರು. ಅವಳು ಮೂರು ಚೀಲಗಳ ಕಥೆ ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಿ ಕೇಳಿದ.

"ತೆನ್ರೋದಲ್ಲಿ ತಪಾಸಣೆಗೆ ಯಂತ್ರ ಇತ್ತು," ಎಂದ. "ಅದು ಎಲ್ಲಾನೂ ಪಾಸು ಮಾಡತ್ತೆ. ನಂಗೆ ಸಮಾಧಾನಾನೇ ಆಗ್ತಿರ್ಲಿಲ್ಲ. ಕಿನು-ಸಾನ್ ಇದನ್ನ ಯಾವ ಕಡೆ ಹಾಕ್ತಾಳೆ ಅಂತ ಯೋಚ್ನೆ ಮಾಡಿ ಬೆರೆಸ್ತಿದ್ದೆ. ಮಾರ್ಚಲ್ಲಿ ನಂಗೂ ವಯಸ್ಸಾಯ್ತು ಅಂತ ಮನೆಗೆ ಕಳಿಸಿದ್ರು. ಈಗ ಅವರೂ ಕಾಗದ ನೋಡಿ ಬೆರೆಸ್ತಾರಂತೆ."

ಅವನು ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದ. ಕೊನೆಯ ವಾರ ಬೆರೆಸಿದ ರಬ್ಬರ್ ಗುಮ್ಮಟಗಳು, ಮೂವತ್ತೋ ನಲವತ್ತೋ ಇದ್ದವು. ಬದನೆಯ ತಟ್ಟೆಗಳೆರಡನ್ನೂ ಒರೆಸಿ, ಒಂದನ್ನು ಅವಳ ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟ.

ಕಿನುಕೊ ಕೈ ಒರೆಸಿಕೊಂಡು ಒಂದನ್ನು ಎತ್ತಿ ಮೇಜಿನ ಅಂಚಿಗಿಟ್ಟು ಒತ್ತಿದಳು. ಬಲಕ್ಕೆ ಹಾಕಿದಳು. ಇನ್ನೊಂದು, ಅದೂ ಬಲಕ್ಕೆ. ಮೂರನೆಯದನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ, ಎಡಗಡೆಯ ತಟ್ಟೆಗೆ ಹಾಕಿದಳು.

"ಅದ್ಯಾಕೆ?" ಎಂದ ಉಬುಕಾತಾ.

ಅವಳು ಅದನ್ನು ಎತ್ತಿ ಅವನ ಕಡೆ ಚಾಚಿದಳು. ಅವನು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ತನ್ನ ಹೆಬ್ಬೆರಳಿನಿಂದ ನಾಲ್ಕೈದು ಸಲ ಒತ್ತಿ ನೋಡಿದ. ಆಮೇಲೆ "ಹೂಂ" ಎಂದು, ಅದನ್ನು ಎಡಗಡೆಯ ತಟ್ಟೆಗೇ ಹಾಕಿದ.