ಬೆಳ್ಳಿ ನೀರಿನ ಕಲೆ

ಒರೆಸಿದಷ್ಟೂ ಕಲೆ ಕಪ್ಪಾಗುತ್ತಿತ್ತು. ಮೇಷ್ಟ್ರ ಹೆಂಡತಿ ಬಟ್ಟೆಯನ್ನು ಹಿಂಡಿ ಮತ್ತೊಮ್ಮೆ ಗಂಡನ ಎಡಗೆನ್ನೆಯ ಮೇಲೆ ಆಡಿಸಿದರು. ಬೆಳಿಗ್ಗೆ ಆಸ್ಪತ್ರೆಯಿಂದ ದೇಹ ತಂದು ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಸಿದಾಗ ಆ ಕೆನ್ನೆ ಶುಭ್ರವಾಗಿತ್ತು. ಒಂಬತ್ತು ಗಂಟೆಗೆ ಚಹಾ ಬಣ್ಣದ ಒಂದು ಚುಕ್ಕೆ ಕಂಡಿತ್ತು. ಈಗ ಹತ್ತೂವರೆಗೆ ಮೂರು ಉದ್ದನೆಯ ಗುರುತು, ಪಕ್ಕದಲ್ಲಿ ಒಂದು ಗಿಡ್ಡ ಗುರುತು.

"ಸಾಕು ಬಿಡಿ ಅತ್ತಿಗೆ," ಎಂದಳು ನಾದಿನಿ. ಅಣ್ಣನ ಮುಖ ನೋಡಲು ಬಂದವಳು ಅರ್ಧ ಗಂಟೆಯಿಂದ ಹೊಸ್ತಿಲು ದಾಟಿರಲಿಲ್ಲ. "ಅದು ಬೆರಳು. ಮಗು ಬೆರಳು."

"ಮಗು ಎಲ್ಲಿಂದ ಬರತ್ತೆ? ನಮಗೆ ಮಕ್ಕಳೇ ಇಲ್ಲ."

"ಅದಕ್ಕೇ ಹೇಳಿದ್ದು ನಾನು!"

ಮಂಚದ ಸುತ್ತ ಹಾಕಿದ್ದ ಕುರ್ಚಿಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಪಕ್ಕದ ಮನೆಯಾಕೆ ಕರ್ಟನ್ ಎಳೆದುಬಿಡೋಣವಾ ಎಂದು ಕೇಳಿದರು, ಯಾರ ಮುಖವನ್ನೂ ನೋಡದೆ.

ಮೇಷ್ಟ್ರ ಹೆಂಡತಿಗೆ ಹೆದರಿಕೆಯಾಗಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವರ ತಲೆಯಲ್ಲಿ ಬೇರೆಯದಕ್ಕೆ ಜಾಗವೇ ಇರಲಿಲ್ಲ. "ಬಾಗಿಲು ತೆಗೆದಾಗ ಒಬ್ಬರೇ ಬಿದ್ದಿದ್ರು ಅಮ್ಮಾ, ಎಷ್ಟು ಹೊತ್ತಾಗಿತ್ತೋ," ಎಂದಿದ್ದ ಮಕ್ಕಳ ಬೇಸಿಗೆ ಶಿಬಿರದ ಕಾವಲುಗಾರ, ಫೋನಿನಲ್ಲಿ. ಒಬ್ಬರೇ. ಒಬ್ಬರೇ ಕೂತು ಒಂದು ಲೋಟ ಚಹಾ ಕುಡಿಯಲಾರದ ಮನುಷ್ಯ ಅವರು. ಹೆಂಡತಿ ಮನೆಯಲ್ಲಿಲ್ಲದ ದಿನ ಪೇಪರ್ ಹಾಕುವವನನ್ನೋ ಮೀಟರ್ ಓದುವವನನ್ನೋ ಹಿಡಿದು ಕೂರಿಸಿಕೊಂಡು, ಆಮೇಲೆಯೇ ಒಲೆ ಹಚ್ಚುತ್ತಿದ್ದರು. ಅಂಥವರು ಶಿಬಿರದ ಆ ಕತ್ತಲೆ ಕೋಣೆಯಲ್ಲಿ ಯಾರೂ ಇಲ್ಲದೆ ಹೋದರು ಅನ್ನುವುದು ಆಕೆಗೆ ಸಾವಿಗಿಂತ ಹೆಚ್ಚು ನೋಯುತ್ತಿತ್ತು.

ಹನ್ನೊಂದಕ್ಕೆ ಬಾಟ್ಲಿಯಣ್ಣ ಬಂದ. ಮೇಷ್ಟ್ರು ಕೆಲಸ ಮಾಡಿದ್ದ ಶಾಲೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು; ಬಾಟಲಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದು ಆ ಹೆಸರು ಸಂಪಾದಿಸಿದ್ದ. ಅವನು ಅಳುತ್ತಲೇ ಬಗ್ಗಿದವನು, ಕೆನ್ನೆ ಕಂಡದ್ದೇ ಅಳು ನಿಲ್ಲಿಸಿದ.

"ಒರೆಸಬೇಡಿ ಅಮ್ಮಾ. ಇದು ಬೆಳ್ಳಿ ನೀರು, ಸಿಲ್ವರ್ ನೈಟ್ರೇಟು. ಕಾಗದಕ್ಕೆ ಬಳಿದು ಬಿಸಿಲಲ್ಲಿ ಚಿತ್ರ ಮಾಡೋ ಪಾಠ ಇತ್ತಲ್ಲ, ಅದರದ್ದು. ಮೈಗೆ ತಾಗಿದಾಗ ಏನೂ ಕಾಣಲ್ಲ. ಬೆಳಕು ಬಿದ್ದ ಮೇಲೆ ಮೆಲ್ಲಗೆ ಏಳತ್ತೆ. ಸೋಪಿಗೂ ಜಗ್ಗಲ್ಲ."

"ಅಂದ್ರೆ ಯಾರೋ ಮುಟ್ಟಿದಾರೆ."

"ಮುಟ್ಟಿದಾರೆ. ಒದ್ದೆ ಕೈಲಿ." ಅವನು ಮೇಷ್ಟ್ರ ಅಂಗಿಯ ತೋಳು ಮಡಚಿದ. ಬಲ ಮಣಿಕಟ್ಟಿನ ಸುತ್ತ ಅದೇ ಪುಟ್ಟ ಬೆರಳುಗಳು, ಇನ್ನೂ ಕಂದು ಬಣ್ಣದಲ್ಲಿ. "ಇಷ್ಟು ಬಿಗಿಯಾಗಿ ಯಾರೂ ಸುಮ್ಸುಮ್ನೆ ಮೇಷ್ಟ್ರ ಕೈ ಹಿಡಿಯಲ್ಲ."

ಆಕೆ ಎದ್ದು ಕಿಟಕಿಯ ಕರ್ಟನ್ನನ್ನು ಪೂರ್ತಿ ಸರಿಸಿದರು. ನಾದಿನಿ ಅಯ್ಯಯ್ಯೋ ಎಂದಳು.

"ಇರಲಿ," ಎಂದರು. "ಇನ್ನೇನು ಏಳೋದಿದೆಯೋ ಎಲ್ಲಾ ಏಳಲಿ."

*

ಮೂವತ್ತೊಂದು ವರ್ಷ ಮೇಷ್ಟ್ರು ಬಿಳಿ ಚಾಕ್‌ಪೀಸಿನಲ್ಲಿ 'ನೀಲಿ ಬಣ್ಣಕ್ಕೆ ತಿರುಗುತ್ತದೆ' ಎಂದು ಬರೆದಿದ್ದರು. ಲ್ಯಾಬಿನ ಬೀಗದ ಕೈ ಹೆಡ್‌ಮಾಸ್ಟರರ ಡ್ರಾಯರಿನಲ್ಲಿರುತ್ತಿತ್ತು. ಇನ್ಸ್‌ಪೆಕ್ಟರು ತಪಾಸಣೆಗೆ ಬಂದ ದಿನ ಮಾತ್ರ ಹೊರಬರುತ್ತಿತ್ತು. ಆ ನೀಲಿಯನ್ನು ಕಂಡ ಮಕ್ಕಳು ಬೆರಳೆಣಿಕೆಯಷ್ಟು. ನಿವೃತ್ತಿಯಾದ ವರ್ಷವೇ ಬೇಸಿಗೆ ಶಿಬಿರದವರ ಹತ್ತಿರ ಹೋಗಿ, ಮುರಿದ ಬೆಂಚು ತುಂಬಿದ ಒಂದು ಸ್ಟೋರ್ ರೂಮನ್ನು ಬೇಡಿ ಪಡೆದರು. ಅಲ್ಲಿ ಅವರು ಏನನ್ನೂ ಬರೆಯಲಿಲ್ಲ. ಮಗು ಏನು ಕೇಳಿದರೂ "ಯಾಕೆ ಅಂತ ನೀನೇ ನೋಡು" ಎನ್ನುತ್ತಿದ್ದರು. ಮಕ್ಕಳು ಅವರನ್ನು ಯಾಕೆ ಸರ್ ಎಂದೇ ಕರೆಯತೊಡಗಿದರು.

ಹೋದ ವಾರ ಊಟದ ಮೇಜಿನ ಮೇಲೆ ರಬ್ಬರ್ ಗ್ಲೌಸ್ ಹರಡಿಕೊಂಡು, ಅವು ಜಾರದ ಹಾಗೆ ಮಣಿಕಟ್ಟಿನ ಜಾಗಕ್ಕೆ ದಾರ ಕಟ್ಟುತ್ತಾ ಕೂತಿದ್ದರು.

"ಒಬ್ಬಳಿದ್ದಾಳೆ ಕಣೇ, ಕೈ ಇಷ್ಟೇ ಇಷ್ಟು. ಗ್ಲೌಸ್ ಹಾಕಿದ್ರೆ ಬಾತುಕೋಳಿ ಥರ ಕಾಣ್ತಾಳೆ."

"ತಟ್ಟೆ ಇಡೋಕೆ ಜಾಗ ಬಿಡಿ ಮೊದಲು."

"ಅವಳ ಪ್ರಶ್ನೆ ಕೇಳಿದ್ರೆ ನಿಂಗೆ ಊಟ ಬೇಡ ಅನ್ನಿಸತ್ತೆ."

"ನಂಗೆ ಅನ್ನಿಸಲ್ಲ," ಎಂದು ಹೆಂಡತಿ ಗ್ಲೌಸನ್ನು ಅತ್ತ ತಳ್ಳಿ ತಟ್ಟೆ ಇಟ್ಟಿದ್ದರು.

*

ಎರಡು ಗಂಟೆಗೆ ಶಿಬಿರದ ಮೇಡಂ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಬಂದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರಲು ಇನ್ನೊಂದು ಗಂಟೆಯಿತ್ತು. ಮೇಷ್ಟ್ರ ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು; ಎಡಗೈ ಹೊದಿಕೆಯೊಳಗೆ ಗಂಡನ ಬಲಗೈಯಲ್ಲಿತ್ತು. ಮಕ್ಕಳು ಸಾಲಾಗಿ ಬಂದು ಹೂವಿಟ್ಟು ಹೋದರು. ಕೊನೆಯವಳ ಹೂ ಕೆಳಗೆ ಬಿತ್ತು. ಅವಳು ಎರಡೂ ಕೈಗೆ ದೊಡ್ಡ ರಬ್ಬರ್ ಗ್ಲೌಸ್ ಹಾಕಿದ್ದಳು.

"ಬೆಳಿಗ್ಗೆಯಿಂದ ತೆಗೀತಾನೇ ಇಲ್ಲ," ಎಂದು ಮೇಡಂ ಪಿಸುಗುಟ್ಟಿದರು. "ಅಮ್ಮನ ಹತ್ರಾನೂ ಮಾತಿಲ್ಲವಂತೆ."

ಮೇಷ್ಟ್ರ ಹೆಂಡತಿ ಹೊದಿಕೆಯಿಂದ ಕೈ ಬಿಡಿಸಿಕೊಂಡು ಎದ್ದರು. ಹುಡುಗಿಯನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, ಅವಳೆದುರು ನೆಲದ ಮೇಲೇ ಕೂತರು.

"ಬೈಯಲ್ಲ ಪುಟ್ಟಿ. ನಂಗೆ ಒಂದೇ ಒಂದು ಹೇಳು. ನೀನು ಅಲ್ಲಿದ್ಯಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು. "ನನ್ನ ಎಲೆ ಚಿತ್ರ ಸರಿಯಾಗಿ ಬಂದಿರ್ಲಿಲ್ಲ. ಎಲ್ಲಾರೂ ಹೋದ ಮೇಲೆ ಮತ್ತೆ ಮಾಡೋಣ ಅಂದ್ರು. ಸರ್ ಬಿದ್ರು. ಬಾಟ್ಲಿ ಚೆಲ್ಲಿತು. ನಾನು ಕೂಗಿದೆ. ಪಕ್ಕದಲ್ಲಿ ಡ್ರಮ್ ಕ್ಲಾಸು, ಯಾರಿಗೂ ಕೇಳಿಸ್ಲಿಲ್ಲ. ಹೋಗಿ ಕರ್ಕೊಂಡು ಬರ್ತೀನಿ ಅಂದ್ರೆ ಸರ್ ಕೈ ಬಿಡ್ಲಿಲ್ಲ. ಎಣಿಸು ಅಂದ್ರು."

"ಏನನ್ನ?"

"ಗೊತ್ತಿಲ್ಲ. ಚಿತ್ರ ಬಿಸಿಲಲ್ಲಿಟ್ಟಾಗ ಎಣಿಸ್ತೀವಲ್ಲ, ಹಾಗೆ ಎಣಿಸಿದೆ. ಮಧ್ಯೆ ಒಂದ್ಸಲ ತಪ್ಪಿದೆ. ಸರ್ ನಕ್ಕರು. ನಾನೂರ ಹನ್ನೆರಡಕ್ಕೆ ಕೈ ಬಿಟ್ರು."

"ಆಮೇಲೆ?"

"ನಾನು ಐನೂರರವರೆಗೂ ಎಣಿಸಿದೆ. ಆಮೇಲೆ ಮನೆಗೆ ಓಡಿಹೋದೆ, ಯಾರಿಗೂ ಹೇಳ್ಲಿಲ್ಲ."

ಆಕೆ ನಿನ್ನೆಯಿಂದ ಒಂದು ಹನಿ ಅತ್ತಿರಲಿಲ್ಲ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಒಬ್ಬರೇ ಇರಲಿಲ್ಲ. ನಕ್ಕಿದ್ದರಂತೆ.

ಹುಡುಗಿ ಮಾತ್ರ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. "ಗ್ಲೌಸ್ ತೆಗೀಬೇಡ ಅಂದಿದ್ರು. ಜಾರತ್ತೆ ಅಂತ ತೆಗೆದಿದ್ದೆ. ಅದೇ ಕೈಲಿ ಕೆನ್ನೆ ಮುಟ್ಟಿದೆ, ಕೈ ಹಿಡ್ಕೊಂಡೆ. ಅದಕ್ಕೇ ಸರ್ ಸತ್ತೋದ್ರು. ಅದಕ್ಕೇ ನನ್ನ ಕೈ ಹೀಗಾಗಿದೆ." ಅವಳು ಗ್ಲೌಸ್ ಎಳೆದು ತೆಗೆದಳು. ಹತ್ತೂ ಬೆರಳು ಇದ್ದಿಲಿನಷ್ಟು ಕಪ್ಪಾಗಿದ್ದವು.

"ಅಯ್ಯೋ ಕಂದಾ, ಅದು ಬೆಳ್ಳಿ ನೀರು. ಬೆಳಕಿಗೆ ಕಪ್ಪಾಗತ್ತೆ ಅಂತ ಸರ್ ಹೇಳಿರ್ಲಿಲ್ವಾ?"

"ಕಾಗದ ಆಗತ್ತೆ ಅಂದಿದ್ರು. ಕೈ ಆಗತ್ತೆ ಅಂದಿರ್ಲಿಲ್ಲ."

"ಚರ್ಮಾನೂ ಆಗತ್ತೆ. ಹತ್ತು ಹದಿನೈದು ದಿನಕ್ಕೆ ಹೋಗತ್ತೆ. ಸರ್ ಹೋಗಿದ್ದು ಎದೆ ನಿಂತು. ಡಾಕ್ಟರೇ ಹೇಳಿದಾರೆ."

ಅವಳು ಒಪ್ಪುವವಳಂತೆ ಕಾಣಲಿಲ್ಲ. ದೊಡ್ಡವರು ಸಮಾಧಾನಕ್ಕೆ ಸುಳ್ಳು ಹೇಳುವುದು ಎಷ್ಟು ಸಲ ಕಂಡಿದ್ದಳೋ. "ನೀವೂ ಸರ್‌ನ ಮುಟ್ಟಿದೀರಿ. ನಿಮ್ಮ ಕೈ ಯಾಕೆ ಆಗಿಲ್ಲ?"

ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು ಎಡಗೈ ನೋಡಿಕೊಂಡರು. ಕರ್ಟನ್ ಸರಿಸಿ ಬಂದ ಮೇಲೆ, ಮುಖ ಒರೆಸಿದ ಒದ್ದೆಯಲ್ಲೇ ಆ ಕೈಯನ್ನು, ಹುಡುಗಿ ಹಿಡಿದಿದ್ದ ಗಂಡನ ಬಲಗೈಯೊಳಗೆ ಇಟ್ಟದ್ದು, ಈಗಷ್ಟೇ ತೆಗೆದದ್ದು. ಅದರ ಮೇಲೆ ವಯಸ್ಸಿನ ಮಚ್ಚೆಗಳ ಹೊರತು ಏನೂ ಇರಲಿಲ್ಲ. ಹೆದರಿಕೆ ಅವರಿಗೆ ಆಗ ಆಯಿತು. ಏನೂ ಏಳದಿದ್ದರೆ ಈ ಮಗು ಜೀವಮಾನವಿಡೀ ತನ್ನ ಕೈ ನೋಡಿಕೊಂಡೇ ಬದುಕುತ್ತದೆ.

"ಬಾ," ಎಂದು ಹಿತ್ತಿಲ ಬಾಗಿಲು ತೆಗೆದರು. ಮೆಟ್ಟಿಲ ಮೇಲೆ ಬಿಸಿಲು ಚುರುಚುರು ಎನ್ನುತ್ತಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಆಕೆ ಎಡಗೈಯನ್ನು ಮಂಡಿಯ ಮೇಲೆ ಬೋರಲಾಗಿ ಇಟ್ಟುಕೊಂಡರು. ಹುಡುಗಿ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿಸಿತು.

"ಅತ್ತಿಗೇ, ಗಾಡಿ ಬಂತು!" ನಾದಿನಿ ಒಳಗಿನಿಂದ ಕೂಗಿದಳು. "ಎಲ್ಲಿದೀರಿ? ಎಲ್ಲಾರೂ ಕಾಯ್ತಿದಾರೆ!"

"ಕಾಯಲಿ," ಎಂದರು ಮೇಷ್ಟ್ರ ಹೆಂಡತಿ, ಕೈ ಅಲುಗಿಸದೆ.

ಹಾರ್ನ್ ಇನ್ನೊಮ್ಮೆ ಆಯಿತು, ಮತ್ತೊಮ್ಮೆ ಆಯಿತು. ಆಮೇಲೆ ಗೆಣ್ಣುಗಳ ಕೆಳಗೆ ಚರ್ಮ ತುಸು ಮಸುಕಾಯಿತು. ಮಸುಕು ಕಂದಾಯಿತು, ಕಂದು ಗೆರೆಯಾಯಿತು. ಮುಂಗೈಯ ಮೇಲೆ ಅಡ್ಡವಾಗಿ ಒಂದು, ಎರಡು, ಮೂರು, ನಾಲ್ಕು ದಪ್ಪನೆಯ ಬೆರಳುಗಳು ಎದ್ದುಬಂದವು, ಯಾರೋ ಆ ಕೈಯನ್ನು ಈಗಲೂ ಗಟ್ಟಿಯಾಗಿ ಹಿಡಿದುಕೊಂಡಿರುವ ಹಾಗೆ.