ದಪ್ಪಂದು ಕೆಳಗೆ, ತೆಳ್ಳಂದು ಮೇಲೆ

ಪುಸ್ತಕಕ್ಕೆ ಬೈಂಡು ಹಾಕಿಸಲು ಈಗ ಯಾರು ಬರುತ್ತಾರೆ ಹೇಳಿ? ಅದರಲ್ಲೂ ಮುಝಫರನ ಅಂಗಡಿಗೆ ಬರಬೇಕೆಂದರೆ ಚಿತ್ರದುರ್ಗದ ಹಳೇ ಪೇಟೆಯ ಸಂದಿಯಲ್ಲಿ ಎರಡು ತಿರುವು ದಾಟಿ, ಮೂರು ಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ ಒಳಗೆ ಬರಬೇಕು. ಒಂದು ಕಾಲಕ್ಕೆ ವಕೀಲರ ದಪ್ಪ ಪುಸ್ತಕ, ಶಾಲೆಗಳ ಹಾಜರಿ ಪುಸ್ತಕ ಎಲ್ಲ ಇಲ್ಲೇ ಹೊಲಿಗೆಗೆ ಬೀಳುತ್ತಿದ್ದವು. ಈಗ ಎಲ್ಲವೂ ಕಂಪ್ಯೂಟರಿನ ಹೊಟ್ಟೆ ಸೇರಿವೆ. ಹೊಳಲ್ಕೆರೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ತಮ್ಮ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದ. "ಭಾಯ್, ಆ ಅಂಟಿನ ಡಬ್ಬ ಎಸೆದು ಬಾ. ಎರಡನೇ ಮಿಷಿನ್ ತಂದೀನಿ. ಏಸಿ ರೂಮಿನಾಗೆ ನಿಂಗೊಂದು ಕುರ್ಚಿ ಹಾಕ್ಸೀನಿ. ಕುಂತು ನೋಡ್ಕಂಡ್ರೆ ಸಾಕು."

ಸುಳ್ಳೇಕೆ ಹೇಳಬೇಕು, ಆ ಕುರ್ಚಿಯ ಮೇಲೆ ಮುಝಫರನಿಗೆ ಆಸೆಯಿತ್ತು. ಐವತ್ತೆರಡಕ್ಕೇ ಬೆನ್ನು ಬಾಗಿದವನಿಗೆ ಆಸೆಯಾಗದೆ ಇನ್ನೇನಾದೀತು? ಈ ತಿಂಗಳು ಕಳೆದರೆ ಬೀಗ ಹಾಕುವುದೇ ಸೈ ಎಂದು ಮನಸ್ಸು ಮಾಡಿದ್ದ.

ಹಾಗಿರುವಾಗ ಒಂದು ಸೋಮವಾರ ಚಿತ್ರಲಿಂಗಪ್ಪ ಮೇಷ್ಟ್ರು ಬಂದರು. ಎಪ್ಪತ್ತನಾಲ್ಕರ ಮನುಷ್ಯ, ಮಾಡದಕೆರೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

"ಇಮಾಮ್ ಸಾಬ್ರ ಮಗ ಅಲ್ಲೇನಪ್ಪ ನೀನು?"

"ಹೌದ್ರಿ. ಬರ್ರಿ, ಕುಂತ್ಕಳ್ರಿ."

ಅವರು ಚೀಲದಿಂದ ಒಂದು ಪುಸ್ತಕ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹಳೇ ಕಾದಂಬರಿ. ಬೆನ್ನು ಬಿಟ್ಟುಹೋಗಿತ್ತು, ಶುರುವಿನ ಹಾಳೆ ಯಾವತ್ತೋ ಹರಿದುಹೋಗಿತ್ತು. "ನಲವತ್ತೆರಡು ವರ್ಷದ ಹಿಂದೆ ನಿಮ್ಮಪ್ಪ ಕಟ್ಟಿಕೊಟ್ಟಿದ್ದು. ಇದು ಬರೀ ಕತೆ ಅಲ್ಲಪ್ಪ, ನನ್ನ ಜೀವನಾನೇ ಇದು."

ಮೇಷ್ಟ್ರು ಕತೆ ಹೇಳಲು ಕೂತರೆ ಕೇಳಬೇಕೇ! ಕಾದಂಬರಿಯಲ್ಲಿ ಒಬ್ಬ ಸ್ವಾಮಿ. ದೊಡ್ಡ ಮಠದ ಪೀಠದ ಮೇಲೆ ಕೂತಿದ್ದಾನೆ. ಆನೆಯಿದೆ, ಛತ್ರಿಯಿದೆ, ಕಾಲಿಗೆ ಬೀಳುವ ಜನರಿದ್ದಾರೆ. ಒಂದು ದಿನ ದೂರದಲ್ಲಿ ಬಾವಿಯ ರಾಟೆ ಕಿರುಗುಟ್ಟಿದ್ದು ಕೇಳಿ ಎದ್ದು ನಿಲ್ಲುತ್ತಾನೆ. ಆಮೇಲೆ ನೋಡಿದರೆ ಒಂದು ಛತ್ರದ ಬಾವಿಯಲ್ಲಿ ದಾರಿಹೋಕರಿಗೆ ನೀರು ಸೇದಿ ಹಾಕುತ್ತಿದ್ದಾನೆ. ಮಠದವರು ಹುಡುಕಿಕೊಂಡು ಬಂದು ಕರೆದರೆ, "ಈ ಕೊಡ ತುಂಬಲಿ, ಬರ್ತೀನಿ" ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

"ಯಲ್ಲದಕೆರೆ ಸ್ಕೂಲಿನಾಗೆ ಲೆಕ್ಕದ ಮೇಷ್ಟ್ರಾಗಿದ್ದೆ. ಮೂರು ಸಲ ಪ್ರಮೋಷನ್ ಬಂತು. ಹೆಡ್‌ಮೇಷ್ಟ್ರಾಗು, ಆಫೀಸಿಗೆ ಬಾ ಅಂದ್ರು. ಮೂರು ಸಲಾನೂ, ಈ ವರ್ಷದ ಮಕ್ಕಳು ಪಾಸಾಗ್ಲಿ, ಬರ್ತೀನಿ ಅಂದೆ. ಹೋಗ್ಲೇ ಇಲ್ಲ ನೋಡು!" ಎಂದು ಮೇಷ್ಟ್ರು ನಕ್ಕರು. "ಈಗ ಮೊಮ್ಮಗಳು ಸ್ವಾತಿ ಹಿರಿಯೂರಿನಾಗೆ ಟೀಚರು. ಆಫೀಸರ್ ಪರೀಕ್ಷೆ ಪಾಸ್ ಮಾಡ್ಯಾಳೆ. ಹೋಗ್ಲಾ ಬ್ಯಾಡ್ವಾ ತಾತ ಅಂತ ಕೇಳ್ತಾಳೆ. ಮೊದ್ಲು ಈ ಪುಸ್ತಕ ಓದು, ಆಮ್ಯಾಲೆ ತೀರ್ಮಾನ ಮಾಡು ಅಂದೀನಿ. ಗುರುವಾರ ಬರ್ತೀನಿ, ಗಟ್ಟಿಯಾಗಿ ಕಟ್ಟಿಡು."

ಮರುದಿನ ಮುಝಫರ್ ಹಳೇ ಹೊಲಿಗೆ ಬಿಚ್ಚಿದ. ಒಳಗಿದ್ದದ್ದು ಒಂದು ಪುಸ್ತಕವಲ್ಲ, ಎರಡು. ತೆಳ್ಳನೆಯದೊಂದು, ದಪ್ಪನೆಯದೊಂದು; ಎರಡನ್ನೂ ಕೂಡಿಸಿ ಅಪ್ಪ ಒಂದೇ ರಟ್ಟು ಹಾಕಿದ್ದರು. ಎರಡೂ ಒಂದನೇ ಪುಟದಿಂದಲೇ ಶುರುವಾಗುತ್ತಿದ್ದವು. ದಪ್ಪನೆಯದರ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ರೈಟ್ ಗುರುತುಗಳಿದ್ದವು. ಮೇಷ್ಟ್ರ ಕೈ ಸುಮ್ಮನಿರುವುದೇ! ನಡುವೆ, ಎರಡೂ ಸೇರುವ ಕಡೆ, ಗಟ್ಟಿ ನಿಲ್ಲಲೆಂದು ಎರಡು ಹಾಳೆಗಳನ್ನು ಒಂದಕ್ಕೊಂದು ಹಚ್ಚಿ ಅಂಟಿಸಿದ್ದರು. ಮುಝಫರ್ ಒದ್ದೆ ಬಟ್ಟೆ ಇಟ್ಟು ನಿಧಾನವಾಗಿ ಬಿಡಿಸಿದ. ತೆಳ್ಳನೆಯದರ ಕೊನೇ ಹಾಳೆಯ ಒಳಮೈಯಲ್ಲಿ "ಸಮಾಪ್ತಿ" ಎಂದಿತ್ತು. ದಪ್ಪನೆಯದರ ಮೊದಲ ಹಾಳೆಯಲ್ಲಿ "ಮೊದಲನೆಯ ಭಾಗ" ಎಂದಿತ್ತು.

ಅಪ್ಪ ಎರಡನೇ ಭಾಗವನ್ನು ಮೊದಲಿಗಿಟ್ಟು ಕಟ್ಟಿಬಿಟ್ಟಿದ್ದರು! ಅದನ್ನು ಹೇಳಬಹುದಾಗಿದ್ದ ಹಾಳೆಗಳಲ್ಲಿ ಎರಡು ಅಂಟಿನೊಳಗೆ ಅಡಗಿದ್ದವು, ಶುರುವಿನದು ಹರಿದೇಹೋಗಿತ್ತು.

ಇಮಾಮ್ ಸಾಬರಿಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಪುಟದ ಅಂಕಿ ನೋಡಿ ಜೋಡಿಸುವರು. ಎರಡಕ್ಕೂ ಅಂಕಿ ಒಂದೇ ಆದಾಗ ಕೈ ಹೇಳಿದಂತೆ ಮಾಡಿದ್ದಾರೆ: ದಪ್ಪಂದು ಕೆಳಗೆ, ತೆಳ್ಳಂದು ಮೇಲೆ. ಪುಸ್ತಕ ಪೇರಿಸುವಾಗ ಬೈಂಡರುಗಳ ಅಭ್ಯಾಸವೇ ಅದು.

ಆ ಕೆಲಸ ಬದಿಗಿಟ್ಟು ಮುಝಫರ್ ಸಂಜೆಯವರೆಗೆ ಸರಿಯಾದ ಕ್ರಮದಲ್ಲಿ ಓದಿದ. ಕಾದಂಬರಿ ಶುರುವಾಗುವುದೇ ಬಾವಿಯ ಹತ್ತಿರ. ಆ ಸ್ವಾಮಿ ಆಗಿನ್ನೂ ನೀರು ಸೇದುವ ಆಳು. ಮಠದವರು ಕರೆಯುತ್ತಾರೆ, "ಈ ಕೊಡ ತುಂಬಲಿ, ಬರ್ತೀನಿ" ಎನ್ನುತ್ತಾನೆ, ಅಲ್ಲಿಗೆ ಮೊದಲನೆಯ ಭಾಗ ಮುಗಿಯುತ್ತದೆ. ಎರಡನೆಯದು ತೆರೆದರೆ ಪೀಠದ ಮೇಲಿದ್ದಾನೆ; ಅಂದರೆ ಕೊಡ ತುಂಬಿತು, ಹೋದ. ಅದರ ಮೇಲೇ ಮುದುಕನಾಗಿ, ಕೊನೆಗೆ ರಾಟೆಯ ಸದ್ದಿಗೆ ಎದ್ದು ನಿಲ್ಲುತ್ತಾನೆ, ಅಷ್ಟೇ. ಮೇಷ್ಟ್ರು ನೌಕರಿಯ ಕಾಲವನ್ನೆಲ್ಲ ಯಾವ ಕತೆ ನಂಬಿ ಯಲ್ಲದಕೆರೆಯಲ್ಲಿ ಕಳೆದರೋ ಆ ಕತೆಯೇ ಇಲ್ಲ!

ಮನೆಗೆ ಬಂದವನು ತಾಯಿ ಪ್ಯಾರಿ ಬೀ ಮುಂದೆ ಎಲ್ಲ ಹೇಳಿದ. "ಸುಮ್ನೆ ಹಿಂದೆ ಇದ್ದಂಗೇ ಕಟ್ಟಿಕೊಡ್ಲಾ ಅಮ್ಮಾ? ಆ ಮುದುಕರ ಜೀವ ಯಾಕೆ ನೋಯಿಸ್ಲಿ? ಅಬ್ಬಾರ ಹೆಸರೂ ಉಳೀತೈತೆ."

ಪ್ಯಾರಿ ಬೀ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಬ್ಬಾ ಗೊತ್ತಿಲ್ದೆ ತಪ್ಪು ಕಟ್ಟಿದ್ರು. ನೀನು ಗೊತ್ತಿದ್ದೂ ಕಟ್ತೀಯೇನು? ಆ ಹುಡುಗಿ ಬೇರೆ ಓದ್ಬೇಕಲ್ಲ ಅದ್ನ" ಎಂದಳು.

ಗುರುವಾರ ಹನ್ನೊಂದಕ್ಕೆ ಮೇಷ್ಟ್ರು ಬಂದರು. ಮುಝಫರ್ ಚಹಾ ತರಿಸಿದ, ಅವರು ಕುಡಿಯುವವರೆಗೆ ಕಾದ, ಆಮೇಲೆ ಬಿಡಿಸಿದ ಎರಡೂ ಹಾಳೆಗಳನ್ನು ಅವರ ಮುಂದಿಟ್ಟ. "ನಮ್ಮಪ್ಪ ತಪ್ಪು ಮಾಡ್ಯಾರೆ, ಮೇಷ್ಟ್ರೇ. ಹಿಂದಂದು ಮುಂದೆ ಕಟ್ಯಾರೆ. ಆ ಸ್ವಾಮಿ ಬಾವಿ ಬಿಟ್ಟು ಪೀಠಕ್ಕೆ ಹೋದೋನು. ಪೀಠ ಬಿಟ್ಟು ಬಂದೋನಲ್ಲ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಮುಖ ಕಪ್ಪಿಟ್ಟಿತು. "ಲೇ," ಎಂದರು, "ನಿಮ್ಮಪ್ಪ ನನ್ನ ಜನ್ಮಾನೇ ತಿರುವುಮುರುವು ಕಟ್ಟಿಬಿಟ್ನಲ್ಲೋ! ಹೆಡ್‌ಮೇಷ್ಟ್ರ ಹೆಂಡ್ತಿ ಅನ್ನಿಸ್ಕಳ್ಳಾಕೆ ನಮ್ಮನೆಯಾಕೆ ಹುಚ್ಚಕ್ಕ ಇಪ್ಪತ್ತೈದು ವರ್ಷ ಕಾದ್ಲು. ಅವ್ಳಿಗೆ ಏನಂತ ಹೇಳ್ಲಿ? ಜೊತೇಗಿದ್ದೋರೆಲ್ಲ ಜೀಪಿನಾಗೆ ಓಡಾಡಿದ್ರು, ನಾನು ಸೈಕಲ್ ತುಳಿದೆ." ಮುಝಫರನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಅವನು ದಪ್ಪ ಭಾಗದ ಹಾಳೆಗಳನ್ನು ಮಗುಚಿದ. "ಈ ರೈಟ್ ಗುರುತು ಯಾಕೆ ಹಾಕೀರಿ, ಮೇಷ್ಟ್ರೇ?"

"ಅದಾ? ಆ ಸ್ವಾಮಿ ನಕ್ಕ ಕಡೆಯೆಲ್ಲ ಹಾಕಿದ್ದು. ಪ್ರತಿ ಸಲ ಓದಿದಾಗ್ಲೂ ಒಂದೆರಡು ಹೊಸಾವು ಸಿಗ್ತಿದ್ವು."

"ತೆಳ್ಳಂದ್ರಾಗೆ ಒಂದೂ ಇಲ್ವಲ್ರಿ."

ಮೇಷ್ಟ್ರು ಕತ್ತೆತ್ತಿ ನೋಡಿದರು. ತೆಳ್ಳನೆಯದನ್ನು ಕೈಗೆ ತೆಗೆದುಕೊಂಡು ಮೊದಲ ಪುಟದಿಂದ ಶುರು ಮಾಡಿದರು. ಪೀಠ, ಆನೆ, ಛತ್ರಿ, ಕಾಲಿಗೆ ಬೀಳುವ ಜನ. ಪರೀಕ್ಷೆಯ ಪೇಪರು ತಿದ್ದುವವರಂತೆ ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಹೊರಗೆ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು, ಮಧ್ಯಾಹ್ನದ ಅಜಾನ್ ಆಯಿತು, ಮುಝಫರ್ ಜಾಗ ಬಿಟ್ಟು ಕದಲಲಿಲ್ಲ. ಕೊನೇ ಪುಟ ಮುಗಿಸಿ ಮೇಷ್ಟ್ರು ಪುಸ್ತಕ ಮುಚ್ಚಿದರು.

"ಒಂದ್ಸಲಾನೂ ನಕ್ಕಿಲ್ಲ ಕಣಪ್ಪ" ಎಂದರು. ಅವರ ಕಣ್ಣು ತುಂಬಿಬಂದಿತ್ತು. "ಹೆಂಗೆ ಕಟ್ಟಿದ್ರೂ ಅವನು ನಗೋದು ಬಾವಿ ಹತ್ರಾನೇ. ನಾನೂ ಯಲ್ಲದಕೆರೇಲಿ ಬೇಜಾನ್ ನಕ್ಕೀನಿ." ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು. "ಸರಿಯಾಗೇ ಕಟ್ಟು. ಮೊದ್ಲಂದು ಮೊದ್ಲು. ಆ ಗುರುತು ಮಾತ್ರ ಅಳಿಸಿಬಿಡು."

"ಅಯ್ಯೋ, ಯಾಕ್ರಿ?"

"ಅವು ನಂದು. ಸ್ವಾತಿ ಅವಳದ್ದು ಅವಳೇ ಹಾಕ್ಕಳ್ಲಿ. ಆಫೀಸಿಗೆ ಹೋದ್ರೂ ಸರಿ, ಬಿಟ್ರೂ ಸರಿ. ಎಲ್ಲಿ ನಗ್ತಾಳೆ ಅಂತ ಅವಳಿಗೆ ಗೊತ್ತಿದ್ರೆ ಸಾಕು."

ಮುಝಫರ್ ರಬ್ಬರು ಹಿಡಿದು ಕೂತ. ಪೆನ್ಸಿಲಿನ ಗುರುತು ಒಂದೊಂದಾಗಿ ಹೋಯಿತು, ನಲವತ್ತೆಂಟು ಇದ್ದವು. ಮೇಷ್ಟ್ರು ಬೆಂಚಿನ ಮೇಲೆ ಕೂತು, ಪ್ರತಿ ಗುರುತಿಗೂ ಬಾವಿಯ ಹತ್ತಿರ ಆ ನೀರು ಸೇದುವವನು ಯಾಕೆ ನಕ್ಕನೆಂದು ಹೇಳಿದರು. ಕೇಳುತ್ತ ಕೇಳುತ್ತ ಮುಝಫರನೂ ನಕ್ಕ. ಈ ಅಂಗಡಿಯಲ್ಲಿ ತಾನು ಹೀಗೆ ನಗುವುದು ಹೊಸತೇನಲ್ಲ ಎಂಬುದು ಆಗ ಅವನ ನೆನಪಿಗೆ ಬಂತು. ತಮ್ಮನ ಏಸಿ ರೂಮಿಗೆ ಹೋಗಿ ಬಂದದ್ದೂ ನೆನಪಾಯಿತು. ಅಲ್ಲಿ ತಣ್ಣಗಿತ್ತು, ಅಷ್ಟೇ.

ದಬ್ಬಣಕ್ಕೆ ದಾರ ಪೋಣಿಸುವಾಗ ಫೋನು ಬಂತು. ತಮ್ಮ. "ಭಾಯ್, ಕುರ್ಚಿ ಬಂದೈತೆ. ಯಾವಾಗ ಬರ್ತೀಯ?"

ಮುಝಫರ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ದಪ್ಪ ಭಾಗದ ಮೊದಲ ಮಡಿಕೆಗೆ ದಬ್ಬಣ ಚುಚ್ಚಿದ. "ಈ ಪುಸ್ತಕ ಒಂದು ಮುಗೀಲಿ," ಎಂದ, "ಬರ್ತೀನಿ."

ಬೆಂಚಿನ ಮೇಲಿದ್ದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.